ಮರಳು ಹೊಡೆಯುವವರ ಕಫ

ನಮ್ಮ ವಿಭಾಗದಲ್ಲಿ ಇದಕ್ಕೆ ‘ಲೋಟದ ಕೇಸು’ ಎಂದು ಹೆಸರು. ಎದೆರೋಗ ವಿಭಾಗಕ್ಕೆ ಹೊಸದಾಗಿ ಸೇರುವ ಪಿಜಿ ವಿದ್ಯಾರ್ಥಿಗಳಿಗೆ ಮುಖ್ಯಸ್ಥರು ತಾವೇ ಕೂರಿಸಿಕೊಂಡು ಹೇಳುತ್ತಾರೆ. ಕಲ್ಲಿನ ದೂಳು ತುಂಬಿದ ಶ್ವಾಸಕೋಶ, ಅದರೊಳಗೆ ಅಡಗಿ ಕೂತ ಕ್ಷಯ, ಪರೀಕ್ಷೆ ಮೇಲೆ ಪರೀಕ್ಷೆ ನೆಗೆಟಿವ್. ಒಬ್ಬಳು ಚುರುಕು ಹುಡುಗಿ ರೋಗಿಯ ಮಂಚದ ಕೆಳಗೆ ಒಂದು ಸ್ಟೀಲ್ ಲೋಟ ನೋಡಿದಳು, ರೋಗ ಸಿಕ್ಕಿಬಿತ್ತು, ಔಷಧಿ ಕೊಟ್ಟೆವು, ವಾಸಿಯಾಯಿತು. ಕೇಳಿದವರು ತಲೆದೂಗುತ್ತಾರೆ.

ಆ ಚುರುಕು ಹುಡುಗಿ ನಾನು. ಕತೆ ನನ್ನನ್ನು ಹೊಗಳುತ್ತದೆ, ಆದರೂ ನನ್ನದೊಂದು ತಕರಾರಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಹೇಳಿಕೊಡುತ್ತಿದ್ದರು: ಕಿವಿಗೆ ಹಿತವಾದ ವಾದವನ್ನು ಇನ್ನೊಂದು ಸಲ ಕೇಳು, ಅದು ಎಲ್ಲಿ ನಿಲ್ಲುತ್ತದೆ ನೋಡು, ಯಾಕೆ ಅಲ್ಲೇ ನಿಲ್ಲುತ್ತದೆ ಕೇಳು. ಲೋಟದ ಕತೆ ‘ವಾಸಿಯಾಯಿತು’ ಎಂಬಲ್ಲಿ ನಿಲ್ಲುತ್ತದೆ. ನಿಜವಾದ ಕೇಸು ಅಲ್ಲಿ ಅರ್ಧ ದಾರಿಯನ್ನೂ ಸವೆಸಿರಲಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಫಲಕದಣ್ಣ (ವಾರ್ಡಿನಲ್ಲಿ ಆಮೇಲೆ ಬಿದ್ದ ಹೆಸರು, ನಾನೂ ಅದನ್ನೇ ಬಳಸುತ್ತೇನೆ) ಹೊರರೋಗಿ ವಿಭಾಗಕ್ಕೆ ಬಂದಾಗ ವಯಸ್ಸು ನಲವತ್ತರ ಆಸುಪಾಸು. ಕುರ್ಚಿಯಲ್ಲಿ ಕೂತವರಿಗೆ ತಮ್ಮ ಹೆಸರು ಹೇಳುವಷ್ಟು ಉಸಿರು ಇರಲಿಲ್ಲ. ಹೆಂಡತಿ ಹೇಳಿದರು. ವಿದ್ಯಾರಣ್ಯಪುರಂನಲ್ಲಿ ಮನೆ. ಆಕೆ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಾರೆ, ಬೆರಳ ತುದಿಗಳೆಲ್ಲ ಕಪ್ಪು.

“ನಿಮ್ಮೆಜಮಾನ್ರು ಏನ್ ಕೆಲಸ ಮಾಡ್ತಾರೆ?” ಅಂದೆ.

“ಕಲ್ಲಿನ ಮೇಲೆ ಹೆಸರು ಹಾಕೋದು.”

“ಉಳಿ, ಸುತ್ತಿಗೆ?”

ಅಷ್ಟರಲ್ಲಿ ಫಲಕದಣ್ಣನಿಗೆ ಉಸಿರು ಕೂಡಿಕೊಂಡಿತ್ತು. “ಅದೆಲ್ಲ ಯಾವ್ ಕಾಲದ್ದು ಡಾಕ್ಟ್ರಮ್ಮ. ಮರಳು ಹೊಡೆಯೋದು” ಅಂದರು.

ನನಗೆ ಅದು ಹೊಸದು. ಕಪ್ಪು ಗ್ರಾನೈಟ್ ಚಪ್ಪಡಿಗೆ ರಬ್ಬರ್ ಹಾಳೆ ಅಂಟಿಸುತ್ತಾರೆ. ಅಕ್ಷರಗಳ ಜಾಗದಲ್ಲಿ ಮಾತ್ರ ರಬ್ಬರನ್ನು ಬ್ಲೇಡಿನಿಂದ ಕೊಯ್ದು ತೆಗೆಯುತ್ತಾರೆ. ಆಮೇಲೆ ಕಂಪ್ರೆಸರಿನ ಗಾಳಿಯಲ್ಲಿ ಪೈಪಿನ ಮೂತಿಯಿಂದ ಮರಳನ್ನು ರಭಸವಾಗಿ ಹೊಡೆಯುತ್ತಾರೆ. ರಬ್ಬರ್ ಇದ್ದ ಕಡೆ ಕಲ್ಲು ಉಳಿಯುತ್ತದೆ, ಇಲ್ಲದ ಕಡೆ ಕೊರೆದು ಅಕ್ಷರವಾಗುತ್ತದೆ. ಯಾವ ಸಮುದಾಯ ಭವನದ ಬಾಗಿಲಲ್ಲಿ ನಿಂತರೂ ‘ಇವರ ಅಮೃತಹಸ್ತದಿಂದ’ ಎಂದು ಬಂಗಾರದ ಬಣ್ಣದಲ್ಲಿ ಕಾಣುತ್ತದಲ್ಲ, ಆ ಶಿಲಾಫಲಕಗಳು ಆಗುವುದು ಹೀಗೆ. ಅಂಗಡಿ ಅಗ್ರಹಾರದಲ್ಲಿ, ಮರಳು ಹೊಡೆಯುವ ಶೆಡ್ಡು ಇಲವಾಲದ ಆಚೆ. ಹನ್ನೆರಡು ವರ್ಷದಿಂದ ಪೈಪು ಹಿಡಿದವರು ಇವರೇ.

ಎಕ್ಸ್‌ರೇ ನೋಡಿದೆ. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ಬಿಳಿ ಗಡ್ಡೆ, ಸುತ್ತ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು, ನಡುವಿನ ಗ್ರಂಥಿಗಳ ಅಂಚಿಗೆ ಮೊಟ್ಟೆಯ ಸಿಪ್ಪೆಯಂಥ ತೆಳು ಸುಣ್ಣ. ಸಿಲಿಕೋಸಿಸ್, ಅಂದರೆ ಕಲ್ಲು-ಮರಳಿನ ನುಣ್ಣನೆಯ ದೂಳು ಒಳಗೆ ಕೂತು ಶ್ವಾಸಕೋಶವನ್ನು ಗಾಯದ ಗುರುತಿನಂತೆ ಗಟ್ಟಿ ಮಾಡುವ ಕಾಯಿಲೆ. ಅದಕ್ಕೆ ಮದ್ದಿಲ್ಲ. ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ಸಡಿಲವಾದ ಬೆಲ್ಟಿಗೆ ಹೊಸದಾಗಿ ಹೊಡೆಸಿದ ತೂತುಗಳು. ಎರಡು ವರ್ಷದ ಹಿಂದೆ ಬೇರೆ ಕಡೆ ಕ್ಷಯಕ್ಕೆ ಆರು ತಿಂಗಳ ಔಷಧಿ ತೆಗೆದುಕೊಂಡಿದ್ದರು. ಗುಣವಾಗಿದೆ ಎಂದು ಅಲ್ಲಿ ಕಳಿಸಿದ್ದರು.

ಮುಖ್ಯಸ್ಥರು ರೌಂಡ್ಸಿಗೆ ಬಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಹಳೇ ಟಿಬಿ ವಾಪಸ್ ಬಂದಿದೆ. ಮಾತ್ರೆ ಮಧ್ಯದಲ್ಲಿ ಬಿಟ್ಟಿರ್ತಾನೆ. ಶುರು ಮಾಡಮ್ಮ.”

ಫಲಕದಣ್ಣನ ಹೆಂಡತಿ ಮಂಚದ ಆ ಬದಿಯಿಂದ ಅಂದರು, “ಒಂದು ಮಾತ್ರೆನೂ ಬುಟ್ಟಿಲ್ಲ ಸಾ. ನಾನೇ ಕೈಗ್ ಕೊಟ್ಟು, ಬಾಯ್ ತೆಗ್ಸಿ ನೋಡ್ತಿದ್ದೆ.”

“ಎಲ್ರೂ ಹಂಗೇ ಹೇಳ್ತಾರೆ ಕಣಮ್ಮ.”

ನನಗೆ ಅಲ್ಲೇ ಕಿಡಿ ಹತ್ತಿತು. ಕಲ್ಲು ಕೆಲಸದವರಿಗೆ ಕ್ಷಯ ಮರುಕಳಿಸಿದರೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಕುಡಿತ, ಮಾತ್ರೆ ಬಿಟ್ಟರು, ಮುಗಿಯಿತು. ಸಾಕ್ಷಿ ಕೇಳುವ ಹಾಗೇ ಇಲ್ಲ. ಕಾರಿಡಾರಿನಲ್ಲಿ ಹಿಂದೆ ಓಡಿದೆ.

“ಸರ್, ಕಫ ಎರಡು ಸಲ ಕಳಿಸಿದ್ವಿ. ಎರಡೂ ನೆಗೆಟಿವ್. ಯಾವ ಆಧಾರದ ಮೇಲೆ ಶುರು ಮಾಡೋದು?”

“ಜ್ವರ ಬರ್ತಿದೆಯಲ್ಲ ಲಾಯರಮ್ಮ. ದೂಳಿಗೆ ಜ್ವರ ಬರುತ್ತಾ?” ಅವರು ನನ್ನನ್ನು ಕರೆಯುವುದೇ ಹಾಗೆ.

“ಆ ಗಡ್ಡೆ ಒಳಗೇ ಕೊಳೆತು ಬೇರೆ ಸೋಂಕಾದ್ರೂ ಬರುತ್ತೆ. ಟಿಬಿನೇ ಅಂತ ಇಟ್ಕೊಂಡ್ರೂ, ಔಷಧಿಗೆ ಬಗ್ಗದ ಟಿಬಿ ಆಗಿದ್ರೆ? ಕಣ್ಣು ಕಟ್ಕೊಂಡು ಮಾಮೂಲಿ ಮಾತ್ರೆ ಕೊಟ್ರೆ ಇನ್ನೂ ಕೆಡುತ್ತೆ.”

“ಸುಮ್ನೆ ಕಾಯ್ತಾ ಕೂತ್ರೆ ಕೆಡಲ್ವಾ? ಆಕ್ಸಿಜನ್ ಎಷ್ಟಿದೆ ನೋಡಿದ್ಯಾ?”

ನೋಡಿದ್ದೆ. ಹಾಸಿಗೆಯಿಂದ ಬಚ್ಚಲಿಗೆ ಹೋಗಿಬಂದರೆ ಸಾಕು, ತುಟಿ ನೀಲಿಯಾಗುತ್ತಿತ್ತು. ಅವರ ಮಾತೂ ಸರಿಯಿತ್ತು, ಅದೇ ನನ್ನ ಕಷ್ಟ. ಕೊನೆಗೆ ಒಂದು ಒಪ್ಪಂದವಾಯಿತು. ಶನಿವಾರದವರೆಗೆ ನಾನು ಸಾಕ್ಷಿ ಹುಡುಕಬಹುದು. ಸಿಗದಿದ್ದರೆ ಅವರು ಔಷಧಿ ಶುರು ಮಾಡುತ್ತಾರೆ, ನಾನು ಬಾಯಿ ಮುಚ್ಚಿಕೊಂಡಿರಬೇಕು.

ಮೂರನೇ ಸಲ ಕಫ ಕಳಿಸಿದೆ. ಲ್ಯಾಬಿನ ಟೆಕ್ನಿಷಿಯನ್ ಫೋನು ಮಾಡಿದ. “ಮೇಡಂ, ಇದು ಕಫ ಅಲ್ಲ, ಬಾಯ್ನೀರು. ಹಾಕಿದ್ರೂ ಏನೂ ಬರಲ್ಲ.” ಹೋಗಿ ಫಲಕದಣ್ಣನಿಗೆ ಮತ್ತೆ ವಿವರಿಸಿದೆ: ಎದೆಯ ಆಳದಿಂದ, ಬೆಳಿಗ್ಗೆ ಎದ್ದ ಕೂಡಲೆ, ಬಾಯಿ ಮುಕ್ಕಳಿಸಿ. ಅವರು ಶ್ರದ್ಧೆಯಿಂದ ತಲೆಯಾಡಿಸಿದರು. ಮಾರನೇ ದಿನ ಡಬ್ಬಿಯಲ್ಲಿ ಮತ್ತೆ ನೀರಿನಂಥದ್ದೇ.

“ಶುದ್ಧವಾಗಿ ಕೊಟ್ಟಿದೀನಿ ಡಾಕ್ಟ್ರಮ್ಮ, ನೋಡಿ” ಅಂದರು, ಹೆಮ್ಮೆಯಿಂದ.

ಉಪ್ಪುನೀರಿನ ಹಬೆ ಎಳೆಸಿ ಕಫ ಬರಿಸಲು ನೋಡಿದೆವು. ಎದೆ ಬಿಗಿದುಕೊಂಡು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಉಳಿದದ್ದು ಒಂದೇ ದಾರಿ. ಬ್ರಾಂಕೋಸ್ಕೋಪಿ: ಮೂಗಿನಿಂದ ಶ್ವಾಸಕೋಶದೊಳಗೆ ಸಣ್ಣ ಕೊಳವೆ ಇಳಿಸಿ, ನೀರು ಬಿಟ್ಟು, ಆ ನೀರನ್ನೇ ಎಳೆದು ಪರೀಕ್ಷೆಗೆ ಕಳಿಸುವುದು. ಗಟ್ಟಿಯಾದ ಶ್ವಾಸಕೋಶ, ಇಷ್ಟು ಕಡಿಮೆ ಆಕ್ಸಿಜನ್. ಮೇಜಿನ ಮೇಲೆ ಉಸಿರು ನಿಂತರೆ ವೆಂಟಿಲೇಟರಿಗೆ ಹಾಕಬೇಕು. ಇಂಥ ಶ್ವಾಸಕೋಶ ವೆಂಟಿಲೇಟರಿಗೆ ಒಮ್ಮೆ ಹೋದರೆ ಹೊರಗೆ ಬರುವುದು ಅಪರೂಪ. ಗಂಡ-ಹೆಂಡತಿ ಇಬ್ಬರಿಗೂ ಅದನ್ನು ಮುಚ್ಚಿಡದೆ ಹೇಳಿದೆ.

ಫಲಕದಣ್ಣ “ನಿಮ್ ಪೈಪಲ್ಲಿ ಮರಳು ಬರಲ್ಲ ತಾನೆ?” ಅಂದರು. ಹೆಂಡತಿ ನಗಲಿಲ್ಲ. ನಾನೂ ನಗಲಿಲ್ಲ. ಅವರೊಬ್ಬರೇ ನಕ್ಕು ಕೆಮ್ಮಿದರು.

ಶುಕ್ರವಾರ ಬೆಳಿಗ್ಗೆ ಬ್ರಾಂಕೋಸ್ಕೋಪಿ. ಖಾಲಿ ಹೊಟ್ಟೆಯಲ್ಲಿರಬೇಕು. ಅದನ್ನು ಖಾತ್ರಿ ಮಾಡಿಕೊಳ್ಳಲು ಬೇಗ ವಾರ್ಡಿಗೆ ಹೋದೆ. ಫಲಕದಣ್ಣ ಮಂಚದ ಅಂಚಿನಲ್ಲಿ ಬಾಗಿ ಕೂತಿದ್ದರು, ಕೆನ್ನೆ ಉಬ್ಬಿತ್ತು.

“ಏನಾದ್ರೂ ತಿಂದ್ರಾ?”

“ಇಲ್ಲ.”

“ಬಾಯಲ್ಲೇನು?”

“ಬೆಲ್ಲ.”

“ಬೆಲ್ಲ ತಿನ್ನೋದಲ್ವಾ? ಏನೂ ತಿನ್ಬೇಡಿ ಅಂತ ನೆನ್ನೆ ಎಷ್ಟು ಸಲ ಹೇಳ್ದೆ ನಿಮ್ಗೆ?”

“ಅದು ತಿನ್ನೋಕಲ್ಲ ಡಾಕ್ಟ್ರಮ್ಮ. ಕಲ್ಲು ತೆಗೆಯೋಕೆ.”

ಆಗ ಹೆಂಡತಿ ನಡುವೆ ಬಂದರು. ದಿನವೂ ಬೆಳಿಗ್ಗೆ ಒಂದು ಅಚ್ಚು ಬೆಲ್ಲ, ಬಿಸಿನೀರು. ಹತ್ತು ನಿಮಿಷದಲ್ಲಿ ಗಂಟಲಿಂದ ಕಲ್ಲು ಕಿತ್ತುಕೊಂಡು ಬರುತ್ತದೆ. ಅದನ್ನು ಉಗಿದ ಮೇಲೆ ಎದೆ ಹಗುರ. ಅಂಗಡಿಯಲ್ಲಿ ಎಲ್ಲರೂ ಮಾಡುವುದು ಹೀಗೇ. ಆಸ್ಪತ್ರೆಯಲ್ಲೂ ಒಂದು ದಿನ ತಪ್ಪಿಸಿಲ್ಲ. “ಕಲ್ಲೆಲ್ಲ ಹೊರಗೆ ಹೋದ್ಮೇಲೆ ನಿಮ್ ಡಬ್ಬಿಗೆ ಒಳ್ಳೇದು ಕೊಡೋದು” ಅಂದರು.

ಮಂಚದ ಕೆಳಗೆ ತಟ್ಟೆ ಮುಚ್ಚಿದ ಲೋಟವಿತ್ತು. ಎತ್ತಿ ನೋಡಿದೆ. ಸಿಮೆಂಟು ಕಲಸಿದ ಹಾಗೆ ಬೂದು ಬಣ್ಣದ ಗಟ್ಟಿ ಕಫ.

“ಇದನ್ಯಾಕೆ ನಮ್ಗೆ ಕೊಡ್ಲಿಲ್ಲ?”

“ಅದು ಕಾಯಿಲೆದಲ್ಲ ಡಾಕ್ಟ್ರಮ್ಮ. ಅಂಗಡಿದು” ಅಂದರು ಫಲಕದಣ್ಣ. ಆಮೇಲೆ ಮಂದಮತಿಗೆ ಹೇಳುವಷ್ಟು ತಾಳ್ಮೆಯಿಂದ ವಿವರಿಸಿದರು. “ಮರಳಿರುತ್ತೆ ಅದ್ರಲ್ಲಿ. ನಮ್ ಪೈಪಿನ ಮೂತಿಗೇ ದಪ್ಪ ಮರಳು ಸಿಕ್ಕಾಕ್ಕೊಂಡ್ರೆ ಕೆಟ್ಟೋಗುತ್ತೆ. ನಿಮ್ದು ಅಷ್ಟು ದೊಡ್ ಮಿಷಿನ್ನು. ನಮ್ಮಿಂದ ಕೆಟ್ಟೋಯ್ತು ಅಂದ್ರೆ?”

ಯಂತ್ರ ಕೆಡದಿರಲಿ ಎಂದು ಅವರು ಪ್ರತಿದಿನ ರೋಗವನ್ನು ಉಗಿದು, ತೊಳೆದ ಗಂಟಲಿನ ನೀರನ್ನು ನಮಗೆ ಕೊಡುತ್ತಿದ್ದರು. ಎದೆಯ ಆಳದಿಂದ, ಬೆಳಿಗ್ಗೆ ಎದ್ದ ಕೂಡಲೆ ಎಂದು ನಾನು ಹೇಳಿದ್ದೆ. ಅವರ ಮಟ್ಟಿಗೆ ಅವರು ಅದನ್ನೇ ಮಾಡಿದ್ದರು, ಕಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ.

ಬೆಲ್ಲ ತಿಂದದ್ದರಿಂದ ಬ್ರಾಂಕೋಸ್ಕೋಪಿ ಮುಂದಕ್ಕೆ ಹೋಯಿತು. ಲೋಟದಲ್ಲಿದ್ದದ್ದು ಪರೀಕ್ಷೆಗೆ ಬರುವಂಥದ್ದಲ್ಲ, ಎಲ್ಲ ಬೆರೆತಿರುತ್ತದೆ. ಮಾಸ್ಕು ಬಿಗಿದುಕೊಂಡು ಕಿಟಕಿ ಪಕ್ಕ ಕೂರಿಸಿದೆ. “ಇನ್ನೊಂದು ಅಚ್ಚು ತಿನ್ನಿ” ಅಂದೆ. ಹೆಂಡತಿ ಮುಖ ನೋಡಿದರು, ಈಗಷ್ಟೇ ಬೈದವಳು ಇವಳೇನಾ ಎಂಬಂತೆ. ಬಿಸಿನೀರು ಕುಡಿಸಿ ಬೆನ್ನು ತಟ್ಟಿದೆ. ಕೆಮ್ಮಿ ಕೆಮ್ಮಿ ಅವರ ಕಣ್ಣಲ್ಲಿ ನೀರು ಬಂತು, ಬೆರಳಿಗೆ ಹಾಕಿದ್ದ ಮೀಟರಿನಲ್ಲಿ ಆಕ್ಸಿಜನ್ ಇಳಿಯುತ್ತಾ ಹೋಯಿತು. ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ಡಬ್ಬಿಗೆ ಬಿತ್ತು. ಒಂದು ಚಮಚೆಯಷ್ಟು, ಬೂದು.

ಟೆಕ್ನಿಷಿಯನ್ ಡಬ್ಬಿ ತೆಗೆದು ನೋಡಿ, “ಏನ್ ಮೇಡಂ, ಮನೆ ಕಟ್ಟಿಸ್ತಿದೀರಾ?” ಅಂದ. ಮಧ್ಯಾಹ್ನ ಅವನದೇ ಫೋನು. ಕ್ಷಯದ ಬ್ಯಾಕ್ಟೀರಿಯಾ ಇದೆ. ಮುಖ್ಯ ಔಷಧಿಗೆ ಬಗ್ಗುತ್ತದೆ.

ಮುಖ್ಯಸ್ಥರ ಕೋಣೆಗೆ ಹೋದೆ. “ಟಿಬಿನೇ ತಾನೆ? ಯಾರು ಗೆದ್ದಿದ್ದು?” ಅಂದರು.

“ಟಿಬಿ ಅಂದಿದ್ದು ನೀವು. ಮಾತ್ರೆ ಬಿಟ್ಟ ಅಂದಿದ್ದೂ ನೀವೇ. ಔಷಧಿ ಬಿಟ್ಟು ಬಿಟ್ಟು ತಗೊಂಡಿದ್ರೆ ಇಷ್ಟೊತ್ತಿಗೆ ಬಗ್ಗದೆ ಇರೋ ಸಾಧ್ಯತೆನೇ ಹೆಚ್ಚಿತ್ತು. ಡ್ರಾ ಸರ್.”

ಅವರು ಜೋರಾಗಿ ನಕ್ಕರು. ಲೋಟದ ಕತೆ ಹುಟ್ಟಿದ್ದು ಆ ನಗುವಿನಲ್ಲಿ. ಸಾಮಾನ್ಯವಾಗಿ ಅದು ಮುಗಿಯುವುದೂ ಇಲ್ಲೇ.

ಔಷಧಿ ಶುರುವಾಯಿತು. ಎರಡು ವಾರದಲ್ಲಿ ಜ್ವರ ಬಿಟ್ಟಿತು. ಮನೆಗೆ ಕಳಿಸಿದೆವು. ಮೂರನೇ ವಾರ ಹೆಂಡತಿ ಫೋನು ಮಾಡಿದರು. “ವಾಂತಿ ನಿಲ್ತಿಲ್ಲ ಕಣಮ್ಮ. ಕಣ್ಣು ಅರಿಶಿನ ಆಗೋಗದೆ. ಪಕ್ಕದ್ಮನೇವ್ರು ಕಾಮಾಲೆಗೆ ನಾಟಿ ಔಷ್ದಿ ಕೊಡ್ಸೋಣ ಅಂತವ್ರೆ.”

“ಎಲ್ಲಾ ಮಾತ್ರೆ ನಿಲ್ಸಿ. ನಾಟಿ ಔಷಧಿ ಬೇಡ. ಆಟೋ ಹತ್ಕೊಂಡು ಈಗ್ಲೇ ಬನ್ನಿ.”

ಲಿವರಿಗೆ ಪೆಟ್ಟು ಬಿದ್ದಿತ್ತು. ಕ್ಷಯದ ಮಾತ್ರೆಗಳಲ್ಲಿ ಮೂರು ಲಿವರನ್ನು ಕೆಡಿಸಬಲ್ಲವು. ಯಾವುದು ಕೆಡಿಸಿತು ಎಂದು ನೋಡಿದ ಕೂಡಲೆ ತಿಳಿಯುವುದಿಲ್ಲ. ಎಲ್ಲವನ್ನೂ ನಿಲ್ಲಿಸಿ, ರಕ್ತ ಪರೀಕ್ಷೆ ಸರಿಹೋಗುವವರೆಗೆ ಕಾದು, ಒಂದೊಂದನ್ನೇ ಸಣ್ಣ ಪ್ರಮಾಣದಲ್ಲಿ ವಾಪಸ್ ತರಬೇಕು. ಅಷ್ಟು ದಿನವೂ ಶ್ವಾಸಕೋಶದಲ್ಲಿ ಕ್ಷಯ ಆರಾಮವಾಗಿರುತ್ತದೆ. ಬೇಗ ಶುರು ಮಾಡಿದರೆ ಲಿವರ್ ಹೋಗುತ್ತದೆ, ತಡ ಮಾಡಿದರೆ ಶ್ವಾಸಕೋಶ. ಲಿವರಿಗೆ ಪೆಟ್ಟು ಕೊಡದ ಎರಡು ಔಷಧಿಗಳನ್ನು ನಡುವೆ ಆಸರೆಗೆ ಕೊಟ್ಟೆವು. ಅದೃಷ್ಟ ಅನ್ನಲು ನನಗೆ ಇಷ್ಟವಿಲ್ಲ, ಆದರೆ ಬೇರೆ ಪದವೂ ಇಲ್ಲ: ಒಂದೊಂದಾಗಿ ಎಲ್ಲ ಮಾತ್ರೆಗಳೂ ವಾಪಸ್ ಬಂದವು, ಲಿವರ್ ತಡೆದುಕೊಂಡಿತು.

ಆ ದಿನಗಳಲ್ಲೇ ನಮ್ಮಿಬ್ಬರ ನಡುವೆ ಒಂದು ರೂಢಿ ಬಿತ್ತು. ಬೇರೆ ಡಾಕ್ಟರುಗಳು ಹೇಗಿದ್ದೀರಿ ಅಂತ ಕೇಳಿದರೆ ನಾನು “ಬೆಳಿಗ್ಗೆ ಯಾವ ಬಣ್ಣ?” ಅನ್ನುತ್ತಿದ್ದೆ. ಮೊದಮೊದಲು “ಬೂದಿ” ಅನ್ನುತ್ತಿದ್ದರು. ಕೆಲಸ ಬಿಟ್ಟು ವಾರಗಳು ಕಳೆದ ಹಾಗೆ “ಸ್ವಲ್ಪ ಮಾಸಲು” ಅಂದರು. ಕೊನೆಗೊಂದು ದಿನ ಬಾಗಿಲಲ್ಲೇ ನಿಂತು, ನಾನು ಕೇಳುವ ಮೊದಲೇ, “ಬಿಳಿ ಡಾಕ್ಟ್ರಮ್ಮ” ಅಂದರು. ಹೊಸ ದೂಳು ಒಳಗೆ ಹೋಗದಿದ್ದರೆ ಗಂಟಲಿನ ಕಲ್ಲು ತಾನೇ ಖಾಲಿಯಾಗುತ್ತದೆ. ಒಳಗೆ ಕೂತ ಗಡ್ಡೆ ಹಾಗೇ ಇರುತ್ತದೆ, ಅದು ಬೇರೆ ಮಾತು.

ಒಂದು ಭಾನುವಾರ ಇಲವಾಲದ ಶೆಡ್ಡಿಗೆ ಹೋದೆ. ಯಾರೂ ಹೋಗು ಅಂದಿರಲಿಲ್ಲ. ಮಾತ್ರೆ ಬಿಡದವರಿಗೆ ಕ್ಷಯ ಯಾಕೆ ವಾಪಸ್ ಬಂತು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಮಾಲೀಕರು ತಾವೇ ಬಂದು ತೋರಿಸಿದರು. ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ತುಂಬ ಮರ್ಯಾದೆ. ತಗಡಿನ ಕೋಣೆ, ಬಾಗಿಲಿಗೆ ಪ್ಲಾಸ್ಟಿಕ್ ಪರದೆ. ಮೊಳೆಗೆ ಗಾಜಿನ ಕಿಂಡಿಯಿದ್ದ ಹೆಲ್ಮೆಟ್ಟು ನೇತುಹಾಕಿತ್ತು, ಕತ್ತಿನ ಸುತ್ತ ಕಟ್ಟಲು ಒಂದು ಟವೆಲು. ಮೂಲೆಯಲ್ಲಿ ಜರಡಿ.

“ಜರಡಿ ಯಾಕೆ?”

“ಬಿದ್ದ ಮರಳನ್ನೇ ಜರಡಿ ಹಿಡಿದು ಮತ್ತೆ ಹೊಡೀತೀವಿ ಮೇಡಂ. ಹೊಸ ಮರಳು ಒರಟು. ಹಳೇದಾದಷ್ಟೂ ನುಣ್ಣಗಾಗುತ್ತೆ, ಅಕ್ಷರದ ಅಂಚು ಚೆನ್ನಾಗಿ ಬರುತ್ತೆ.”

ಹಳೇದಾದಷ್ಟೂ ನುಣ್ಣಗಾಗುತ್ತೆ. ನುಣ್ಣಗಾದಷ್ಟೂ ಉಸಿರಿನಲ್ಲಿ ಆಳಕ್ಕೆ ಇಳಿಯುತ್ತೆ. ಗೋಡೆಯ ಗೂಡಿನಲ್ಲಿ ಬೆಲ್ಲದ ಡಬ್ಬವಿತ್ತು.

“ಇದು ನಮ್ಮ ತಂದೆಯವರ ಕಾಲದಿಂದ” ಅಂದರು. “ಸಂಜೆ ಕೆಲಸ ಮುಗಿದ್ಮೇಲೆ ಎಲ್ರಿಗೂ ಬೆಲ್ಲ. ಹಾಗಾಗಿ ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ ನೋಡಿ. ಇವ್ನೊಬ್ಬನಿಗೇ ಹೀಗಾಯ್ತು.”

“ಇವ್ರಿಗಿಂತ ಮುಂಚೆ ಪೈಪ್ ಹಿಡೀತಿದ್ದವ್ರು ಎಲ್ಲಿದಾರೆ?”

“ಊರಿಗೆ ಹೋದ್ರು.”

“ಅವ್ರಿಗಿಂತ ಮುಂಚೆ?”

“ಅವ್ರೂ ಊರಿಗೇ ಹೋದ್ರು ಮೇಡಂ.”

ಕಾಯಿಲೆಯಾದವರೆಲ್ಲ ಊರಿಗೆ ಹೋದರೆ ಅಂಗಡಿಯಲ್ಲಿ ಉಳಿಯುವವರು ಆರೋಗ್ಯವಂತರೇ. ಇದು ವಾದದಲ್ಲಿ ಹಳೆಯ ತಂತ್ರ, ಆದರೆ ಈ ಮನುಷ್ಯ ತಂತ್ರ ಹೂಡುತ್ತಿರಲಿಲ್ಲ. ಅವರು ಅದನ್ನು ನಂಬಿದ್ದರು. ಗೆದ್ದೆ ಎಂಬ ಸಮಾಧಾನ ಕೂಡ ನನಗೆ ಸಿಗಲಿಲ್ಲ.

ಆರು ತಿಂಗಳು ತುಂಬಿತು. ಕಫ ನೆಗೆಟಿವ್, ಈ ಸಲ ನಿಜವಾದ ಕಫವೇ. ತೂಕ ಏರಿತ್ತು, ಬೆಲ್ಟು ಹಳೆಯ ತೂತಿಗೆ ವಾಪಸ್ ಬಂದಿತ್ತು. ಮಾಮೂಲಿ ಲೆಕ್ಕದಲ್ಲಿ ಚಿಕಿತ್ಸೆ ಮುಗಿದಂತೆ. ಮುಖ್ಯಸ್ಥರು “ಕಳಿಸಮ್ಮ ಇನ್ನು” ಅಂದರು.

“ಹೋದ ಸಲವೂ ಹೀಗೇ ಕಳಿಸಿದ್ರು ಸರ್. ಏನ್ ಕೆಲಸ ಅಂತ ಯಾರೂ ಕೇಳಿರಲಿಲ್ಲ. ದೂಳು ಕೂತ ಶ್ವಾಸಕೋಶದಲ್ಲಿ ಔಷಧಿ ಆ ಗಡ್ಡೆಗಳ ಒಳಗೆ ಸರಿಯಾಗಿ ಇಳಿಯಲ್ಲ. ಇನ್ನೂ ಎರಡು ಮೂರು ತಿಂಗಳು ಮುಂದುವರಿಸಬೇಕು.”

“ಲಿವರ್ ಒಂದ್ಸಲ ಕೈ ಕೊಟ್ಟಿದೆ. ಮತ್ತೆ ಕೊಟ್ರೆ?”

“ತಿಂಗಳಿಗೆರಡು ಸಲ ರಕ್ತ ನೋಡ್ತೀನಿ. ಮತ್ತೆ ಟಿಬಿ ಬಂದ್ರೆ ಮೂರನೇ ಸಲ ತಡ್ಕೊಳ್ಳೋಕೆ ಶ್ವಾಸಕೋಶ ಉಳಿದಿಲ್ಲ ಸರ್.”

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಔಷಧಿ ಮುಂದುವರಿಸು. ಆದ್ರೆ ನೀನು ಮೂರು ತಿಂಗಳಲ್ಲ, ಮೂರು ವರ್ಷ ಕೊಡು. ಅವನು ಮತ್ತೆ ಹೋಗಿ ಪೈಪ್ ಹಿಡಿದ್ರೆ ಏನು ಉಪಯೋಗ? ಅದಕ್ಕೇನ್ ವಾದ ಇದೆ ನಿನ್ ಹತ್ರ?”

ಕೇಸು ನಿರ್ಧಾರವಾಗಬೇಕಾದ ಜಾಗ ಇದೇ ಆಗಿತ್ತು, ಮಂಚದ ಕೆಳಗಿನ ಲೋಟವಲ್ಲ. ಕೆಲಸ ಬಿಡಿ ಎಂದು ರೋಗಿಗೆ ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿ. ನಾನೂ ಹೇಳಿ ನೋಡಿದೆ.

“ಬುಟ್ಟು ಏನ್ ಮಾಡ್ಲಿ? ಎಷ್ಟ್ ದಿನ ಇವಳ್ ಅಗರಬತ್ತಿಲಿ ಕೂತ್ಕೊಂಡು ಉಣ್ಲಿ?” ಅಂದರು ಫಲಕದಣ್ಣ. “ಊರಲ್ಲಿ ಯಾರ್ ಮನೆ ಮುಂದೆ ಹೋದ್ರೂ ನಾನ್ ಹಾಕಿದ್ ಹೆಸ್ರು ಇರ್ತದೆ. ನಂಗೆ ಅದ್ ಬುಟ್ರೆ ಏನೂ ಬರಲ್ಲ.”

“ಅವ್ರಿಗೆ ನೀವೇ ಒಂದ್ ಮಾತು ಹೇಳಿ ಕಣಮ್ಮ, ಮಾಲೀಕರಿಗೆ. ನಿಮ್ ಮಾತು ನಡೀತದೆ” ಅಂದರು ಹೆಂಡತಿ.

ಹಾಗೆ ಫಲಕದಣ್ಣನ ಜೊತೆ ಅಗ್ರಹಾರದ ಅಂಗಡಿಗೆ ಹೋದೆ. ಕಿರಿದಾದ ಬೀದಿ, ಅಂಗಡಿ ಮುಂದೆ ಗೋಡೆಗೊರಗಿಸಿದ ಖಾಲಿ ಚಪ್ಪಡಿಗಳು. ರೋಗಿಯ ಪರವಾಗಿ ಮಾಲೀಕರ ಹತ್ತಿರ ಮಾತಾಡುವುದು ಡಾಕ್ಟರ ಕೆಲಸವೇ ಎಂದು ನನ್ನ ಸಹಪಾಠಿಗಳು ಕೇಳಿದ್ದರು. ಹೌದೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ವಾದ ಮಾತ್ರ ಸರಳ ಇಟ್ಟುಕೊಂಡೆ. ರಬ್ಬರ್ ಕೊಯ್ಯುವುದು ಕೈಚಳಕದ ಕೆಲಸ, ಅದರಲ್ಲಿ ದೂಳಿಲ್ಲ. ಅದನ್ನು ಇವರು ಅಗ್ರಹಾರದ ಅಂಗಡಿಯಲ್ಲಿ ಕೂತು ಮಾಡಲಿ. ಪೈಪು ಹಿಡಿಯಲು ಹೊರಗಿನ ಗಾಳಿ ಬರುವ ಮುಚ್ಚಿದ ಹೆಲ್ಮೆಟ್ಟು ತರಿಸಿ, ಅದು ಬರುವವರೆಗೆ ಯಾರೂ ಒಳಗೆ ಹೋಗಬೇಡಿ.

ಮಾಲೀಕರು ಕಾಫಿ ತರಿಸಿದರು. “ರಬ್ಬರ್ ಕೊಯ್ಯೋಕೆ ಅವನಂಥವನು ನಂಗೂ ಬೇಕು ಮೇಡಂ. ಒಪ್ದೆ. ಹೆಲ್ಮೆಟ್ಟು ವಿಚಾರಿಸ್ತೀನಿ. ಮರಳು ಹೊಡೆಯೋಕೆ ಇನ್ನೊಬ್ಬನ್ನ ಇಟ್ಕೊಂಡಿದೀನಿ.”

“ಆ ಇನ್ನೊಬ್ಬರೂ ಮನುಷ್ಯರೇ.”

“ಎಲ್ಲಾ ಒಂದೇ ದಿನ ಆಗುತ್ತಾ ಮೇಡಂ? ವಿಚಾರಿಸ್ತೀನಿ ಅಂದ್ನಲ್ಲ.” ಆಮೇಲೆ ನಕ್ಕು, ಪಕ್ಕದ ಚಪ್ಪಡಿಯ ಮೇಲೆ ಕೈಯಿಟ್ಟರು. “ಇದ್ಯಾರ್ದು ಹೇಳಿ? ನಿಮ್ಮದೇ. ನಿಮ್ಮ ಹೊಸ ವಾರ್ಡಿನ ಉದ್ಘಾಟನೆ ಕಲ್ಲು.”

ನಮ್ಮ ವಿಭಾಗಕ್ಕೆ ಹೊಸ ಕ್ಷಯ ವಾರ್ಡು ಕಟ್ಟುತ್ತಿದ್ದರು. ಫಲಕದಣ್ಣ ಅಲ್ಲೇ ನೆಲದ ಮೇಲೆ ಕೂತ ಕಡೆಯಿಂದ ತಲೆಯೆತ್ತಿ, “ರಬ್ಬರ್ ನಾನೇ ಕೊಯ್ತೀನಿ ಡಾಕ್ಟ್ರಮ್ಮ. ಚೆನ್ನಾಗಿ ಕೊಯ್ತೀನಿ” ಅಂದರು. ಒಪ್ಪಂದ ನಿಂತಿತು. ನಾನು ಬೀಗುತ್ತಾ ಬಸ್ಸು ಹತ್ತಿದೆ. ಮುಂದಿನ ಎರಡು ತಿಂಗಳೂ ಕೇಳಿದಾಗಲೆಲ್ಲ ಉತ್ತರ “ಬಿಳಿ” ಎಂದೇ ಬಂತು.

ಉದ್ಘಾಟನೆಯ ದಿನ ಬಂತು. ಹೊಸ ವಾರ್ಡಿನ ಮುಂದೆ ಶಾಮಿಯಾನ, ಗೋಡೆಯಲ್ಲಿ ಪರದೆ ಮುಚ್ಚಿದ ಫಲಕ. ಅಂಗಡಿಯ ಮಾಲೀಕರನ್ನೂ ಫಲಕದಣ್ಣನನ್ನೂ ಮುಖ್ಯಸ್ಥರೇ ಕರೆಸಿದ್ದರು. ಲೋಟದ ಕತೆಯ ನಾಯಕ ಅಂತ ಅತಿಥಿಗಳಿಗೆ ತೋರಿಸಬೇಕಿತ್ತಲ್ಲ. ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಕಪ್ಪು ಕಲ್ಲಿನ ಮೇಲೆ ಹೆಸರುಗಳು ಸಾಲಾಗಿ, ಅಂಚು ಕೂದಲೆಳೆಯಷ್ಟು ಚೊಕ್ಕ. ಕೆಳಗಿನ ಎರಡು ಸಾಲಿನ ಬಂಗಾರದ ಬಣ್ಣ ಮೇಲಿನದಕ್ಕಿಂತ ಹೊಸದಾಗಿ ಹೊಳೆಯುತ್ತಿತ್ತು. ಅದರಲ್ಲೊಂದು ನಮ್ಮ ಮುಖ್ಯಸ್ಥರ ಹೆಸರು.

ಮಾಲೀಕರು ಪಕ್ಕದಲ್ಲಿ ನಿಂತಿದ್ದರು. “ಹೇಗಿದೆ ಮೇಡಂ? ನೆನ್ನೆ ಮಧ್ಯಾಹ್ನ ನಿಮ್ಮ ಆಫೀಸಿಂದ ಫೋನು. ಶಿಷ್ಟಾಚಾರದಲ್ಲಿ ಇಬ್ಬರ ಹೆಸರು ಬಿಟ್ಟೋಗಿದೆ ಅಂತ. ಕಲ್ಲು ವಾಪಸ್ ತರಿಸಿ, ಕೆಳಗೆ ಜಾಗ ಇತ್ತು, ಸಂಜೆಯೊಳಗೆ ರೆಡಿ.”

“ಹೆಲ್ಮೆಟ್ಟು ಬಂತಾ?”

“ವಿಚಾರಿಸ್ತಿದೀನಿ.”

“ಮತ್ತೆ ನೆನ್ನೆ ಮರಳು ಹೊಡೆದಿದ್ದು ನಿಮ್ಮ ಆ ಇನ್ನೊಬ್ಬರಾ?”

“ಅವನು ಹೋದ ವಾರವೇ ಊರಿಗೆ ಹೋದ ಮೇಡಂ” ಅಂದರು. ಅಷ್ಟರಲ್ಲಿ ಯಾರೋ ಕೈಮುಗಿದರು, ಅವರು ಆ ಕಡೆ ತಿರುಗಿದರು.

ಫಲಕದಣ್ಣ ಕುರ್ಚಿಗಳ ಹಿಂದಿನ ಸಾಲಿನ ಆಚೆ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಂಡತಿ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು, ನೆಲ ನೋಡಿದರು. ಫಲಕದಣ್ಣ ಎರಡೂ ಕೈ ಮುಗಿದು, ಫಲಕದ ಕಡೆ ಕಣ್ಣು ಹಾಯಿಸಿ, “ನಮ್ ದೊಡ್ ಡಾಕ್ಟ್ರ ಹೆಸ್ರಿಲ್ದೆ ಎಂಗೆ ಡಾಕ್ಟ್ರಮ್ಮ” ಅಂದರು. ನಾನು ಇನ್ನೂ ಏನೂ ಕೇಳಿರಲಿಲ್ಲ.

ಆಮೇಲೆ ಕೇಳಿದೆ. ಯಾವಾಗಲೂ ಕೇಳುವುದನ್ನೇ, ಬೇರೆ ಪದ ಹುಡುಕಲಿಲ್ಲ.

“ಇವತ್ತು ಬೆಳಿಗ್ಗೆ ಯಾವ ಬಣ್ಣ?”